ಆಯಾಸಕ್ಕೆ ಅಂಕ ಕೊಡುವವರು ಯಾರು?



ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನಗಳನ್ನು ಬೋಧಿಸುತ್ತ ಮೂವತ್ತನಾಲ್ಕು ವರ್ಷಗಳ ಕಾಲ ಇತರರ ಉತ್ತರಪತ್ರಿಕೆಗಳಿಗೆ ಅಂಕ ಕೊಟ್ಟವನು ನಾನು. ನಿವೃತ್ತನಾದ ಮೇಲೆ ಕೆಂಪು ಶಾಯಿಯ ಪೆನ್ನು ಕೈಬಿಟ್ಟಿತು; ಅಂಕ ಕೊಡುವ ಅಭ್ಯಾಸ ಬಿಡಲಿಲ್ಲ. ಈಗ ಪ್ರತಿದಿನ ಬೆಳಿಗ್ಗೆ ಮನೆಯ ಪಡಸಾಲೆಯಲ್ಲಿ, ನಿಂತಲ್ಲೇ ತುಳಿಯುವ ವ್ಯಾಯಾಮದ ಸೈಕಲ್ಲಿನ ಮೇಲೆ ಕುಳಿತು, ಐದೈದು ನಿಮಿಷಕ್ಕೊಮ್ಮೆ ನನ್ನ ಶ್ರಮಕ್ಕೆ ನಾನೇ ಅಂಕ ಕೊಟ್ಟುಕೊಳ್ಳುತ್ತೇನೆ. ಕನಿಷ್ಠ ಅಂಕ 6, ಗರಿಷ್ಠ ಅಂಕ 20. ಈ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವನು ಜಾಣನಲ್ಲ, ಕಡಿಮೆ ಪಡೆದವನು ದಡ್ಡನೂ ಅಲ್ಲ. ನಿಜವಾದ ಅಂಕ ಹೇಳಿದವನು ಮಾತ್ರ ಉತ್ತೀರ್ಣ.

ಇದನ್ನು ಬರೆಯಲು ಕಾರಣ ನೀವೇ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಬೆಂಗಳೂರಿನಲ್ಲೋ ದೂರದ ದೇಶಗಳಲ್ಲೋ ನೆಲೆಸಿದ್ದೀರಿ. ಊರಿನಲ್ಲಿರುವ ತಂದೆತಾಯಿಯರಿಗೆ ಪ್ರೀತಿಯಿಂದ ವ್ಯಾಯಾಮದ ಸೈಕಲ್ಲು ಕೊಡಿಸಿದ್ದೀರಿ, ಕೈಗೆ ನಾಡಿ ಎಣಿಸುವ ಗಡಿಯಾರ ಕಟ್ಟಿಸಿದ್ದೀರಿ. ರಾತ್ರಿ ಫೋನ್ ಮಾಡಿದಾಗ, "ಅಪ್ಪಾ, ಇವತ್ತು ಎಷ್ಟು ಕ್ಯಾಲೊರಿ ಆಯಿತು? ಹಾರ್ಟ್ ರೇಟ್ ಎಷ್ಟಿತ್ತು?" ಎಂದು ವಿಚಾರಿಸುತ್ತೀರಿ. ಬಹಳ ಸಂತೋಷ. ಆದರೆ "ತುಳಿಯುವಾಗ ನಿಮಗೆ ಎಷ್ಟು ಕಷ್ಟ ಅನ್ನಿಸಿತು?" ಎಂದು ಕೇಳುವವರು ವಿರಳ. ಕೇಳಿದರೂ ಅದು ಉಪಚಾರದ ಮಾತೆಂದೇ ಎರಡೂ ಕಡೆಯವರು ಭಾವಿಸುತ್ತಾರೆ. ಆ ಪ್ರಶ್ನೆ ಉಪಚಾರವಲ್ಲ, ಅದೊಂದು ಅಳತೆ. ಯಂತ್ರದ ಅಂಕಿಗೆ ಸಮಾನವಾದ ಸ್ಥಾನವನ್ನು ಅದಕ್ಕೆ ಕೊಡಬೇಕು. ವಯಸ್ಸಾದವರ ವಿಷಯದಲ್ಲಂತೂ ಕೆಲವೊಮ್ಮೆ ಯಂತ್ರಕ್ಕಿಂತ ಮೊದಲಿನ ಸ್ಥಾನವನ್ನೇ ಕೊಡಬೇಕು. ಇದು ನನ್ನ ಅಭಿಪ್ರಾಯ.

ಈ ಅಳತೆಗೆ ಸ್ವಾರಸ್ಯಕರವಾದ ಇತಿಹಾಸವಿದೆ. ಗುನ್ನಾರ್ ಬೋರ್ಗ್ (1927–2020) ಎಂಬವರು ಸ್ವೀಡನ್ ದೇಶದ ಮನೋವಿಜ್ಞಾನಿ. 1950ರ ದಶಕದ ಕೊನೆಯ ವರ್ಷಗಳಲ್ಲಿ ಅವರು ಆ ದೇಶದ ಉತ್ತರ ಭಾಗದ ಊಮೆಯೊ ನಗರದಲ್ಲಿ ಹಾನ್ಸ್ ಡಾಲ್‌ಸ್ಟ್ರೋಮ್ ಎಂಬ ವೈದ್ಯರ ಜೊತೆಗೂಡಿ, ಜನರನ್ನು ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ಕೂರಿಸಿ, ಈ ಕೆಲಸ ನಿಮಗೆ ಎಷ್ಟು ಭಾರವೆನಿಸುತ್ತದೆ ಎಂದು ಕೇಳತೊಡಗಿದರು. ಬೆಳಕು ಎಷ್ಟು ಪ್ರಖರ, ಶಬ್ದ ಎಷ್ಟು ಜೋರು, ಕೈಯಲ್ಲಿಟ್ಟ ತೂಕ ಎಷ್ಟು ಭಾರ ಎಂಬ ಅನುಭವಗಳನ್ನು ಅಳೆಯುವ ಪ್ರಯತ್ನ ಅದಕ್ಕೂ ಮೊದಲೇ ನಡೆದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ವೇಬರ್ ಮತ್ತು ಫೆಕ್ನರ್, ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಸ್ಟೀವನ್ಸ್ ಆ ದಾರಿಯನ್ನು ತೆರೆದಿದ್ದರು. ಬೋರ್ಗ್ ಅದೇ ದಾರಿಯಲ್ಲಿ ನಡೆದು, ಇಡೀ ದೇಹ ದುಡಿಯುವಾಗ ಆಗುವ ಶ್ರಮದ ಅನುಭವವನ್ನು ಅಳೆಯಲು ಹೊರಟರು. 1962ರಲ್ಲಿ ಈ ವಿಷಯದ ಮೇಲೆಯೇ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. 6ರಿಂದ 20ರವರೆಗಿನ ಹದಿನೈದು ಮೆಟ್ಟಿಲುಗಳ ಮಾಪಕವು 1970ರಿಂದೀಚೆಗೆ ಲೋಕದ ಎಲ್ಲೆಡೆ ಬೋರ್ಗ್ ಮಾಪಕ ಎಂದು ಪ್ರಚಾರಕ್ಕೆ ಬಂದಿತು.

ಈ ಪ್ರಯೋಗಗಳಿಗೆ ಅವರು ಸೈಕಲ್ಲನ್ನೇ ಏಕೆ ಆರಿಸಿಕೊಂಡರು? ಒಂಬತ್ತನೆಯ ತರಗತಿಯ "ಕಾರ್ಯ ಮತ್ತು ಶಕ್ತಿ" ಪಾಠ ನೆನಪಿರುವವರಿಗೆ ಕಾರಣ ಸುಲಭವಾಗಿ ಹೊಳೆಯುತ್ತದೆ. ನಡೆಯುವಾಗ, ಓಡುವಾಗ ಪ್ರತಿಯೊಬ್ಬನೂ ತನ್ನ ದೇಹದ ಭಾರವನ್ನು ತಾನೇ ಹೊರಬೇಕು. ಆದುದರಿಂದ ಕೆಲಸದ ಲೆಕ್ಕ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ. ಸೈಕಲ್ಲಿನಲ್ಲಿ ಆ ಭಾರವನ್ನು ಸೀಟು ಹೊರುತ್ತದೆ. ಸ್ವೀಡನ್ನಿನಲ್ಲೇ ರೂಪುಗೊಂಡ ಒಂದು ಬಗೆಯ ಪ್ರಯೋಗಾಲಯದ ಸೈಕಲ್ಲಿನಲ್ಲಿ ಪೆಡಲನ್ನು ಒಂದು ಸುತ್ತು ತುಳಿದರೆ ಭಾರದ ಗಾಲಿಯ ಅಂಚು 6 ಮೀಟರ್ ದೂರ ಸರಿಯುತ್ತದೆ. ಆ ಗಾಲಿಯನ್ನು ಸುತ್ತಿರುವ ಪಟ್ಟಿ 1 ಕಿಲೋಗ್ರಾಂ ಭಾರದಷ್ಟು ಬಲದಿಂದ ತಡೆಯೊಡ್ಡುತ್ತಿದೆ ಎನ್ನಿ. ನಿಮಿಷಕ್ಕೆ 50 ಸುತ್ತು ತುಳಿದರೆ 300 ಕಿಲೋಗ್ರಾಂ-ಮೀಟರ್ ಕೆಲಸವಾಯಿತು. ಅಂದರೆ ಸುಮಾರು 50 ವಾಟ್. ಪಟ್ಟಿಯನ್ನು ಬಿಗಿ ಮಾಡಿ ತಡೆಯನ್ನು ಎರಡು ಪಟ್ಟು ಮಾಡಿದರೆ 100 ವಾಟ್. ಜೊತೆಗೆ ತುಳಿಯುವವನ ಎದೆ, ತೋಳುಗಳು ಹೆಚ್ಚು ಅಲುಗಾಡುವುದಿಲ್ಲವಾದ್ದರಿಂದ ಇ.ಸಿ.ಜಿ., ರಕ್ತದೊತ್ತಡಗಳನ್ನು ಅಳೆಯುವುದೂ ಸುಲಭ. ಹೊರಗಿನ ಕೆಲಸ ಎಷ್ಟೆಂಬುದು ಖಚಿತವಾಗಿ ಗೊತ್ತಿರುವಾಗ, ಒಳಗಿನ ಅನುಭವ ಅದಕ್ಕೆ ತಕ್ಕಂತೆ ಹೇಗೆ ಬೆಳೆಯುತ್ತದೆ ಎಂದು ನೋಡಬಹುದಲ್ಲವೇ?

ಹಾಗೆ ನೋಡಿದಾಗ ಕಂಡ ಸಂಗತಿ ನನಗೆ ಇಂದಿಗೂ ಸೋಜಿಗ. ಅಲ್ಪಕಾಲ ತುಳಿಯುವ ಪ್ರಯೋಗಗಳಲ್ಲಿ, ಕೆಲಸ ಎರಡು ಪಟ್ಟಾದರೆ ಶ್ರಮದ ಅನುಭವ ಎರಡು ಪಟ್ಟಾಗುವುದಿಲ್ಲ, ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಗಣಿತದ ಭಾಷೆಯಲ್ಲಿ ಹೇಳುವುದಾದರೆ, ಅನುಭವವು ಕೆಲಸದ ಸುಮಾರು 1.6ನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಇದೇ ಲೆಕ್ಕವನ್ನು ತಿರುಗಿಸಿದರೆ ಮುದುಕರಿಗೆ ಸಮಾಧಾನದ ಸುದ್ದಿಯಿದೆ: ಹೊರೆಯನ್ನು ಮೂರರಲ್ಲಿ ಒಂದು ಪಾಲು ಇಳಿಸಿದರೆ ಸಾಕು, ಶ್ರಮದ ಅನುಭವ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. "ನನ್ನ ಕೈಲಾಗದು" ಎಂದು ಸೈಕಲ್ಲನ್ನೇ ಮೂಲೆಗೆ ತಳ್ಳುವವರು ಅದರ ತಿರುಪನ್ನು ಸ್ವಲ್ಪ ಸಡಿಲಿಸಿ ನೋಡುವುದು ಒಳ್ಳೆಯದು.

ಇನ್ನು 6 ಮತ್ತು 20 ಎಂಬ ವಿಚಿತ್ರ ಸಂಖ್ಯೆಗಳು. 0ಯಿಂದ 10, 1ರಿಂದ 100 ಎಂದಿದ್ದರೆ ಸೊಗಸಾಗಿರುತ್ತಿತ್ತಲ್ಲ ಎಂದು ನಿಮಗೂ ಅನ್ನಿಸಬಹುದು. ಆರೋಗ್ಯವಂತ ವಯಸ್ಕನ ನಾಡಿಬಡಿತ ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರ ಆಸುಪಾಸು, ಪೂರ್ಣ ಶ್ರಮದಲ್ಲಿ 200ರ ಆಸುಪಾಸು ಇರುತ್ತದೆ ಎಂದು ಇಟ್ಟುಕೊಂಡು, ಹೇಳಿದ ಅಂಕಕ್ಕೆ ಒಂದು ಸೊನ್ನೆ ಸೇರಿಸಿದರೆ ನಾಡಿಬಡಿತ ಸಿಗಲಿ ಎಂಬ ಉದ್ದೇಶದಿಂದ ಬೋರ್ಗ್ ಆ ಸಂಖ್ಯೆಗಳನ್ನು ಆರಿಸಿದರು. 13 ಎಂದರೆ ಸುಮಾರು 130. ಮಧ್ಯವಯಸ್ಸಿನ ಆರೋಗ್ಯವಂತರಿಗೆ ಒಪ್ಪುವ ಸ್ಥೂಲವಾದ ಲೆಕ್ಕವಿದು. ವಯಸ್ಸು, ವ್ಯಾಯಾಮದ ಬಗೆ, ಸುತ್ತಲ ಸೆಕೆ, ಮನಸ್ಸಿನ ಆತಂಕ ಇವೆಲ್ಲ ಇದನ್ನು ಏರುಪೇರು ಮಾಡುತ್ತವೆ ಎಂದು ಅವರೇ ಎಚ್ಚರಿಸಿದ್ದಾರೆ. ಇನ್ನೊಂದು ಮಾತು: ಈ ಮಾಪಕದಲ್ಲಿ 14 ಎಂಬುದು 7ರ ಎರಡರಷ್ಟು ಶ್ರಮವಲ್ಲ. ಉಷ್ಣಮಾಪಕದಲ್ಲಿ 40 ಡಿಗ್ರಿ ಎಂಬುದು 20 ಡಿಗ್ರಿಯ ಎರಡರಷ್ಟು ಬಿಸಿಯಲ್ಲ ಎಂದು ನಾನು ಹಲಗೆಯ ಮುಂದೆ ನಿಂತು ಎಷ್ಟು ಸಲ ಹೇಳಿದ್ದೇನೆಯೋ! ಅದೇ ಎಚ್ಚರ ಇಲ್ಲಿಯೂ ಬೇಕು. ಪಟ್ಟುಗಳ ಲೆಕ್ಕಕ್ಕಾಗಿ ಬೋರ್ಗ್ ಮುಂದೆ 10ರ ಇನ್ನೊಂದು ಮಾಪಕವನ್ನೇ ರಚಿಸಿದರು.

ಈಗ ಗಡಿಯಾರದ ವಿಚಾರಕ್ಕೆ ಬರೋಣ. ಗಡಿಯಾರ ನಾಡಿಯನ್ನು ಎಣಿಸುತ್ತದೆ. ಎಣಿಸಿದ್ದನ್ನು ಅರ್ಥೈಸಲು ಅದಕ್ಕೊಂದು ಸೂತ್ರ ಬೇಕು. ಪ್ರಸಿದ್ಧವಾದ ಸೂತ್ರ, 220ರಲ್ಲಿ ವಯಸ್ಸನ್ನು ಕಳೆಯುವುದು. ನನಗೆ ಅರವತ್ತಾರು, ನನ್ನ ಗರಿಷ್ಠ ನಾಡಿ 154 ಎಂದಾಯಿತು. 2001ರಲ್ಲಿ ಪ್ರಕಟವಾದ ಮತ್ತೊಂದು ಸೂತ್ರದ ಪ್ರಕಾರ 208ರಲ್ಲಿ ವಯಸ್ಸಿನ ಹತ್ತರಲ್ಲಿ ಏಳು ಪಾಲನ್ನು ಕಳೆಯಬೇಕು. ಆಗ ಅದು ಸುಮಾರು 162. ಒಂದೇ ಹೃದಯಕ್ಕೆ ಎರಡು ಗರಿಷ್ಠಗಳು! ಇವೆರಡೂ ಬಹುಜನರ ಸರಾಸರಿಗಳು. ಒಬ್ಬೊಬ್ಬ ವ್ಯಕ್ತಿ ಸರಾಸರಿಯಿಂದ ಹತ್ತು ಹನ್ನೆರಡು ಬಡಿತ ಆಚೀಚೆ ಇರುವುದು ತೀರ ಸಾಮಾನ್ಯ. ಸಾಲದ್ದಕ್ಕೆ, ರಕ್ತದೊತ್ತಡಕ್ಕೂ ಹೃದಯದ ಕಾಯಿಲೆಗೂ ಕೊಡುವ ಮೆಟೊಪ್ರೊಲಾಲ್ ಜಾತಿಯ ಮಾತ್ರೆಗಳು ನಾಡಿಬಡಿತವನ್ನೇ ತಗ್ಗಿಸಿ ಹಿಡಿಯುತ್ತವೆ. ಅಂಥ ಮಾತ್ರೆಯೊಂದನ್ನು ನಾನೂ ನುಂಗುತ್ತೇನೆ. ಉಸಿರು ಮೇಲೆ ಕೆಳಗೆ ಆಗುವಷ್ಟು ತುಳಿದಾಗಲೂ ನನ್ನ ಗಡಿಯಾರ 104 ತೋರಿಸಿ, ಇನ್ನಷ್ಟು ವೇಗವಾಗಿ ತುಳಿಯಿರಿ ಎಂದು ಪ್ರೋತ್ಸಾಹಿಸುತ್ತದೆ. ನಾನು ಬೆಳಿಗ್ಗೆ ಯಾವ ಮಾತ್ರೆ ನುಂಗಿದ್ದೇನೆಂಬುದು ಪಾಪ, ಅದಕ್ಕೇನು ಗೊತ್ತು?

ನಮ್ಮ ದಾವಣಗೆರೆಯ ಬೇಸಿಗೆಯನ್ನೂ ಇಲ್ಲಿ ನೆನೆಯಬೇಕು. ಬೀದಿಯಲ್ಲಿ ಸೈಕಲ್ ತುಳಿಯುವವನಿಗೆ ಅವನ ಚಲನೆಯೇ ಗಾಳಿ ಬೀಸುತ್ತದೆ. ನಿಂತಲ್ಲೇ ತುಳಿಯುವವನಿಗೆ ಆ ಭಾಗ್ಯವಿಲ್ಲ. ಏಪ್ರಿಲ್ ತಿಂಗಳಲ್ಲಿ ಫ್ಯಾನಿಲ್ಲದ ಕೋಣೆಯಲ್ಲಿ ಅರ್ಧ ಗಂಟೆ ಒಂದೇ ಹದದಲ್ಲಿ ತುಳಿದರೂ ನಾಡಿ ಮೆಲ್ಲಮೆಲ್ಲನೆ ಏರುತ್ತಲೇ ಹೋಗುತ್ತದೆ. ಬೆವರಿನಲ್ಲಿ ನೀರು ಹೋಗುತ್ತದೆ, ಮೈಯನ್ನು ತಂಪಾಗಿಡಲು ರಕ್ತ ಚರ್ಮದತ್ತ ಹರಿಯುತ್ತದೆ, ಹೃದಯ ಹೆಚ್ಚು ಸಲ ಬಡಿಯಬೇಕಾಗುತ್ತದೆ. ಇನ್ನು ಮನೆಯ ಸೈಕಲ್ಲಿನ ತಿರುಪಿನ ಮೇಲಿರುವ 1, 2, 3 ಎಂಬ ಅಂಕಿಗಳು ವಾಟ್‌ಗಳಲ್ಲ. ಒಂದು ಕಂಪನಿಯ 4 ಇನ್ನೊಂದು ಕಂಪನಿಯ 6 ಆಗಿರಬಹುದು. ಹೀಗೆ ಹೊರೆಯೂ ನಿಶ್ಚಿತವಲ್ಲ, ನಾಡಿಯ ಅರ್ಥವೂ ನಿಶ್ಚಿತವಲ್ಲ ಎಂದಾದಾಗ, ಉಸಿರು, ತೊಡೆ, ಬೆವರು, ಬಿಸಿ ಎಲ್ಲವನ್ನೂ ಕೂಡಿಸಿ ಒಂದೇ ಉತ್ತರ ಹೇಳಬಲ್ಲ ಸಾಧನ ಯಾವುದು? ತುಳಿಯುತ್ತಿರುವ ಮನುಷ್ಯನೇ.

"ಬಾಯಲ್ಲಿ ಹೇಳಿದ ಅಂಕೆ ವಿಜ್ಞಾನ ಹೇಗಾದೀತು? ಒಬ್ಬನ 13 ಇನ್ನೊಬ್ಬನ 15 ಆಗಬಹುದಲ್ಲ?" ಎಂಬ ಆಕ್ಷೇಪ ಸಹಜವಾದದ್ದು, ನ್ಯಾಯವಾದದ್ದೂ ಹೌದು. 2002ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಆರೋಗ್ಯವಂತರಲ್ಲಿ ಈ ಅಂಕಗಳಿಗೂ ನಾಡಿಬಡಿತಕ್ಕೂ ಇರುವ ಸಹಸಂಬಂಧದ ಸರಾಸರಿ ಸುಮಾರು 0.62 ಎಂದು ಕಂಡುಬಂದಿತು; ಮೊದಮೊದಲು ಹೇಳುತ್ತಿದ್ದ 0.8, 0.9ಕ್ಕಿಂತ ಇದು ಕಡಿಮೆಯೇ. ಅದನ್ನು ನಾನು ಮರೆಮಾಚುವುದಿಲ್ಲ. ಆದರೆ ಎಸ್.ಎಸ್.ಎಲ್.ಸಿ. ಮೌಲ್ಯಮಾಪನ ಕೇಂದ್ರಗಳಲ್ಲಿ ಕುಳಿತು ಕಂಡ ಒಂದು ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ. ಪ್ರಬಂಧರೂಪದ ಉತ್ತರಕ್ಕೆ ಇಬ್ಬರು ಮೌಲ್ಯಮಾಪಕರು ಒಂದೇ ಅಂಕ ಕೊಡುವುದು ಅಪರೂಪ. ಒಬ್ಬರ ಕೈ ಧಾರಾಳ, ಇನ್ನೊಬ್ಬರದು ಬಿಗಿ. ಆದರೆ ಒಬ್ಬರೇ ಅನುಭವಿಗಳು ತಮ್ಮ ಕಟ್ಟಿನ ನೂರು ಪತ್ರಿಕೆಗಳನ್ನು ನೋಡಿದಾಗ, ಯಾವ ಉತ್ತರಕ್ಕಿಂತ ಯಾವುದು ಮೇಲು ಎಂಬ ಅವರ ಕ್ರಮ ನಂಬಲರ್ಹವಾಗಿರುತ್ತದೆ. ಶ್ರಮದ ಅಂಕವೂ ಹಾಗೆಯೇ. ನನ್ನ 13ನ್ನು ಪಕ್ಕದ ಮನೆಯವರ 13ರ ಜೊತೆ ಹೋಲಿಸಿ ಪ್ರಯೋಜನವಿಲ್ಲ. ನನ್ನ ಈ ತಿಂಗಳ 13ನ್ನು ನನ್ನದೇ ಹೋದ ತಿಂಗಳ 11ರ ಜೊತೆ ಹೋಲಿಸುವುದರಲ್ಲಿ ಬಹಳ ಪ್ರಯೋಜನವಿದೆ. ಈ ಮಾತಿಗೆ ನಮ್ಮ ಮನೆಯಲ್ಲೇ ನಡೆದ ನಿದರ್ಶನವಿದೆ.

ನನ್ನ ಶ್ರೀಮತಿಗೆ ಬಹುದಿನಗಳಿಂದ ಮಂಡಿನೋವು. ನಡೆಯುವುದಕ್ಕಿಂತ ಕುಳಿತು ತುಳಿಯುವುದು ಮೇಲು ಎಂದು ವೈದ್ಯರು ಹೇಳಿದ್ದರಿಂದ 2023ರ ದೀಪಾವಳಿಗೆ ಮಗಳು ಈ ಸೈಕಲ್ಲನ್ನು ಕೊಡಿಸಿದಳು. ಫಿಸಿಯೋಥೆರಪಿ ಕಲಿತು ಇದೇ ಊರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದು ಸೀಟಿನ ಎತ್ತರ ಸರಿಪಡಿಸಿ, ಗೋಡೆಗೆ ಬೋರ್ಗ್ ಮಾಪಕದ ಹಾಳೆಯನ್ನು ಅಂಟಿಸಿದಳು. ಆಮೇಲೆ ತುಳಿಯುತ್ತಿದ್ದ ಇವರನ್ನು, "ಅಮ್ಮಾ, ಈಗ ಎಷ್ಟು?" ಎಂದು ಕೇಳಿದಳು. "ಏನೂ ಇಲ್ಲಮ್ಮ, ಆರಾಮ. ಒಂಬತ್ತು ಬರಕೋ" ಎಂದರು ಇವರು. ಆ ನಾಲ್ಕು ಮಾತು ಹೇಳಲು ನಡುವೆ ಮೂರು ಸಲ ಉಸಿರು ತೆಗೆದುಕೊಂಡಿದ್ದರು. ಹುಡುಗಿ ನಕ್ಕಳು. "ಅಮ್ಮಾ, ಇದು ನೆಂಟರಿಗೆ ಹೇಳೋ ಉತ್ತರ. ನನಗೆ ನಿಜವಾದದ್ದು ಬೇಕು" ಎಂದಳು. ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಹದಿಮೂರು" ಎಂದರು.

ನೆಂಟರಿಗೆ ಹೇಳುವ ಉತ್ತರ! ಆ ಮಾತು ನನ್ನನ್ನು ಬಹಳ ದಿನ ಕಾಡಿತು. ನಮ್ಮ ಮನೆಗಳ ಹೆಣ್ಣುಮಕ್ಕಳು ಬಾಲ್ಯದಿಂದಲೇ ಕಲಿಯುವ ಉತ್ತರವದು. ಐವತ್ತು ಜನರ ಅಡುಗೆ ಮಾಡಿ ಮುಗಿಸಿದಾಗಲೂ "ದಣಿವಾಯಿತೇ?" ಎಂದರೆ "ಏನಿಲ್ಲ" ಎನ್ನಬೇಕು. ದಣಿವನ್ನು ಹೇಳಿಕೊಳ್ಳುವುದು ಗೊಣಗಾಟವೆನಿಸಿಕೊಳ್ಳುತ್ತದೆ. ಗಂಡಸರ ಸುಳ್ಳು ಬೇರೆ ಜಾತಿಯದು. 1988ರ ಒಂದು ಅಧ್ಯಯನದಲ್ಲಿ, ಪ್ರಯೋಗ ನಡೆಸುವವರು ಮಹಿಳೆಯಾಗಿದ್ದಾಗ ಗಂಡಸರು ತಮ್ಮ ಶ್ರಮಕ್ಕೆ ಕಡಿಮೆ ಅಂಕ ಹೇಳಿದರೆಂದು ಕಂಡುಬಂದಿದೆ. ನಗು ಬರುತ್ತದೆ, ಆದರೆ ನಮ್ಮಲ್ಲಿ ಯಾರು ತಾನೇ ಬೇರೆ? ಆಯಾಸದ ಅಂಕದ ದೊಡ್ಡ ಶತ್ರು ಲೆಕ್ಕದ ದೋಷವಲ್ಲ, ಕೇಳುವವರನ್ನು ಮೆಚ್ಚಿಸುವ ನಮ್ಮ ಸ್ವಭಾವ. ತರಗತಿಯಲ್ಲಿ "ಅರ್ಥವಾಯಿತೇ?" ಎಂದು ಕೇಳಿದರೆ ನೀವೆಲ್ಲ ಒಂದೇ ದನಿಯಲ್ಲಿ "ಹೌದು ಸಾರ್" ಎನ್ನುತ್ತಿದ್ದಿರಲ್ಲ, ಅದೇ ಸ್ವಭಾವ.

ಮುಂದಿನ ಕಥೆ ಕೇಳಿ. ಇವರು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ದಿನವೂ ಬರೆಯತೊಡಗಿದರು: ತಿರುಪು 3, ಹದಿನೈದು ನಿಮಿಷ, ಅಂಕ ಇಷ್ಟು. ಅಭ್ಯಾಸವಾದಂತೆ ಅಂಕ ಇಳಿದು 2024ರ ಜೂನ್ ಹೊತ್ತಿಗೆ 11ಕ್ಕೆ ನಿಂತಿತು. ಜುಲೈಯಲ್ಲಿ 12, 13 ಕಾಣಿಸಿಕೊಂಡವು. ಆಗಸ್ಟ್ ನಡುವಿಗೆ 15. ತಿರುಪು ಅದೇ, ನಿಮಿಷ ಅದೇ. ಮಳೆಗಾಲವಾದ್ದರಿಂದ ಸೆಕೆಯ ನೆಪವೂ ಇರಲಿಲ್ಲ. ಅದೇ ವಾರಗಳಲ್ಲಿ ಕೈಗಡಿಯಾರ ಏನು ಹೇಳುತ್ತಿತ್ತು ಗೊತ್ತೇ? ನಾಡಿ ಮೊದಲಿಗಿಂತ ಹೆಚ್ಚಾಗಿದೆ, ಇಂದಿನ ವ್ಯಾಯಾಮ ಉತ್ತಮವಾಗಿದೆ ಎಂದು ಪರದೆಯ ಮೇಲೆ ಪಟಾಕಿ ಹಾರಿಸಿ ಅಭಿನಂದಿಸುತ್ತಿತ್ತು. ಅಂಕಿ ಅದರ ಬಳಿಯೂ ಇತ್ತು, ಅರ್ಥ ಇರಲಿಲ್ಲ. ನೋಟ್‌ಬುಕ್ ನೋಡಿದ ನನ್ನ ವಿದ್ಯಾರ್ಥಿನಿ ಮಾತ್ರ, "ಸರ್, ಅಮ್ಮನಿಗೆ ನಾಳೆಯೇ ರಕ್ತಪರೀಕ್ಷೆ ಮಾಡಿಸಿ" ಎಂದಳು. ಹಿಮೋಗ್ಲೋಬಿನ್ 8.4 ಇತ್ತು, ಹೆಂಗಸರಿಗೆ ಅದು 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆಯೆಂದು ಎಣಿಕೆ. ಮಂಡಿನೋವಿಗೆಂದು ಔಷಧದ ಅಂಗಡಿಯಿಂದ ತರಿಸಿ ನುಂಗುತ್ತಿದ್ದ ನೋವಿನ ಮಾತ್ರೆಗಳಿಂದ ಜಠರದಲ್ಲಿ ಹುಣ್ಣಾಗಿ, ಹೊರಗೆ ಕಾಣದಂತೆ ಒಳಗೊಳಗೇ ರಕ್ತ ಸೋರುತ್ತಿತ್ತು. ವೈದ್ಯರು ಆ ಮಾತ್ರೆ ನಿಲ್ಲಿಸಿ, ಹುಣ್ಣಿಗೆ ಔಷಧ ಕೊಟ್ಟು, ಕಬ್ಬಿಣಾಂಶ ತುಂಬಿಸಿದರು. 2025ರ ಫೆಬ್ರವರಿಯಲ್ಲಿ ನೋಟ್‌ಬುಕ್ ಮತ್ತೆ 11 ಹೇಳಿತು.

ಇದರಲ್ಲಿ ಪವಾಡವೇನೂ ಇಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಕಡಿಮೆಯಾದರೆ ಅದೇ ಕೆಲಸಕ್ಕೆ ಹೃದಯ ಹೆಚ್ಚು ಬಡಿಯಬೇಕು, ಶ್ವಾಸ ಹೆಚ್ಚು ದುಡಿಯಬೇಕು. ಅದೇ ಕೆಲಸ ಹೆಚ್ಚು ಭಾರವೆನಿಸುತ್ತದೆ. ಆದರೆ ಇವರು ನೆಂಟರ ಉತ್ತರವನ್ನೇ ಬರೆಯುತ್ತ ಹೋಗಿದ್ದರೆ ನೋಟ್‌ಬುಕ್ಕಿನ ತುಂಬ 9, 9, 9 ಎಂದೇ ಇರುತ್ತಿತ್ತು. "ವಯಸ್ಸಾಯಿತು, ಸುಸ್ತು ಸಹಜ" ಎಂಬ ಮಾತು ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದಲ್ಲವೇ? ವಯಸ್ಸು ಆರು ವಾರಗಳಲ್ಲಿ 11ನ್ನು 15 ಮಾಡುವುದಿಲ್ಲ.

ಈ ಅಂಕಗಳನ್ನು ನಮ್ಮ ಮನೆಗಳಲ್ಲಿ ಬಳಸಬೇಕಾದರೆ ಅವುಗಳ ಪಕ್ಕದ ಮಾತು ಕನ್ನಡದಲ್ಲಿರಬೇಕು. ಅಂದು ಗೋಡೆಗೆ ಅಂಟಿಸಿದ ಹಾಳೆ ಇಂಗ್ಲಿಷಿನಲ್ಲಿತ್ತು. ನಾನು ಇನ್ನೊಂದು ಹಾಳೆ ಬರೆದು ಅದರ ಪಕ್ಕದಲ್ಲಿ ಅಂಟಿಸಿದೆ. 6: ಯಾವ ಶ್ರಮವೂ ಇಲ್ಲ. 7: ಅತ್ಯಂತ ಹಗುರ. 9: ತುಂಬ ಹಗುರ. 11: ಹಗುರ. 13: ಸ್ವಲ್ಪ ಕಷ್ಟ. 15: ಕಷ್ಟ. 17: ತುಂಬ ಕಷ್ಟ. 19: ಅತ್ಯಂತ ಕಷ್ಟ. 20: ಇದಕ್ಕಿಂತ ಹೆಚ್ಚು ಸಾಧ್ಯವೇ ಇಲ್ಲ. ನಡುವಿನ ಸಂಖ್ಯೆಗಳು ನಡುವಿನ ಅನುಭವಕ್ಕೆ. ಕನ್ನಡದಲ್ಲಿ ದಣಿವು, ಸುಸ್ತು, ಬಳಲಿಕೆ, ಏದುಸಿರು, ಸಂಕಟ ಎಂದು ಎಷ್ಟೊಂದು ಮಾತುಗಳಿವೆ. ಒಂದೊಂದರ ಅರ್ಥವೂ ಬೇರೆ. ಸುಸ್ತು ಕೆಲಸ ಮಾಡದಿದ್ದರೂ ಇರಬಹುದು. ದಣಿವು ಕೆಲಸದ ನಂತರದ್ದು. ಈ ಮಾಪಕ ಕೇಳುವುದು ಅವೆರಡನ್ನೂ ಅಲ್ಲ, ಈ ಕ್ಷಣದಲ್ಲಿ ತುಳಿಯಲು ಎಷ್ಟು ಶ್ರಮವಾಗುತ್ತಿದೆ ಎಂಬುದನ್ನು. ಅದಕ್ಕಾಗಿಯೇ ನಾನು ಬೇರೆಲ್ಲ ಬಿಟ್ಟು "ಹಗುರ", "ಕಷ್ಟ" ಎಂಬ ಎರಡೇ ಮಾತುಗಳನ್ನು ಇಟ್ಟುಕೊಂಡೆ. ಅಕ್ಷರ ಬಾರದ ಅಜ್ಜಿಗೂ ಅವು ಅರ್ಥವಾಗುತ್ತವೆ.

ಅಂಕ ಹೇಳುವಾಗ ತೊಡೆಯ ಉರಿಯೊಂದನ್ನೇ ನೋಡಬಾರದು, ಉಸಿರೊಂದನ್ನೇ ನೋಡಬಾರದು. ಒಟ್ಟು ದೇಹದ ಶ್ರಮವನ್ನು ಗಮನಿಸಬೇಕು. ಸೈಕಲ್ಲು ಹೊಸದಾದವರಿಗೆ ಉಸಿರಿಗಿಂತ ಮೊದಲು ತೊಡೆಗಳೇ ದೂರು ಕೊಡುತ್ತವೆ. ತಿರುಪಿನ ಅಂಕಿ, ಗಡಿಯಾರ ನೋಡುವ ಮೊದಲೇ ಅಂಕ ಹೇಳಿಬಿಡಬೇಕು. ಮಾದರಿ ಉತ್ತರ ನೋಡಿ ಬರೆದದ್ದು ಉತ್ತರವಾಗದು. ಹೇಳಿದ ಅಂಕದ ಮೇಲೆ ಸಂಶಯವಿದ್ದರೆ ಸುಲಭವಾದ ತಾಳೆಯಿದೆ: ತುಳಿಯುತ್ತಲೇ ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಬಂದರೆ ಶ್ರಮ ಮಿತವಾಗಿದೆ; ಎರಡು ಮೂರು ಪದಗಳಿಗೊಮ್ಮೆ ಉಸಿರು ಬೇಕಾದರೆ ಹೆಚ್ಚಾಗಿದೆ. ಸಾಮಾನ್ಯ ಆರೋಗ್ಯವುಳ್ಳವರ ಮಿತವಾದ ವ್ಯಾಯಾಮ 12, 13ರ ಆಸುಪಾಸು ಬರುತ್ತದೆ. ಹೃದಯದ ಚಿಕಿತ್ಸೆಯ ನಂತರ ವ್ಯಾಯಾಮ ಮಾಡುವವರಿಗೆ ಸಾಮಾನ್ಯವಾಗಿ 11ರಿಂದ 14ರೊಳಗೆ ಹೇಳುವುದುಂಟು. ಆದರೆ ಅವರವರ ಮಿತಿಯನ್ನು ಅವರವರ ವೈದ್ಯರೇ ನಿರ್ಧರಿಸಬೇಕು. ಎದೆಯಲ್ಲಿ ನೋವು, ಒತ್ತಿದಂಥ ಅನುಭವ, ದವಡೆಗೋ ತೋಳಿಗೋ ಹರಡುವ ನೋವು, ತಲೆ ತಿರುಗುವಿಕೆ ಕಂಡರೆ ಅಂಕ ಕೊಡುತ್ತ ಕೂರಬಾರದು. ತುಳಿಯುವುದನ್ನು ನಿಲ್ಲಿಸಿ ಕೂಡಲೇ ವೈದ್ಯರ ನೆರವು ಪಡೆಯಬೇಕು.

ಯಂತ್ರಗಳ ಮೇಲೆ ನನಗೆ ಹಗೆಯಿಲ್ಲ. ರಕ್ತಪರೀಕ್ಷೆಯ ಯಂತ್ರವಿಲ್ಲದಿದ್ದರೆ 8.4 ಎಂಬುದು ತಿಳಿಯುತ್ತಲೇ ಇರಲಿಲ್ಲ. ಗಡಿಯಾರವೂ ಇರಲಿ, ನಾಡಿಯೂ ಎಣಿಸಲಿ. ಆದರೆ ಯಂತ್ರದ ಅಂಕಿಯನ್ನು ಸತ್ಯವೆಂದೂ ಮನುಷ್ಯನ ಮಾತನ್ನು ಬರಿಯ ಭಾವನೆಯೆಂದೂ ವಿಂಗಡಿಸುವ ಪದ್ಧತಿಯನ್ನು ನಾನು ಒಪ್ಪಲಾರೆ. ಎರಡೂ ಹೊಂದಿಕೊಂಡರೆ ಒಳ್ಳೆಯದು. ಹೊಂದದಿದ್ದಾಗ ಮನುಷ್ಯನ ಮಾತನ್ನು ತಳ್ಳಿಹಾಕುವುದರ ಬದಲು ಏಕೆ ಹೊಂದಲಿಲ್ಲ ಎಂದು ವಿಚಾರಿಸುವುದೇ ವಿಜ್ಞಾನ. ಬೋರ್ಗ್ ಮಹಾಶಯರು ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಮಾಡಿದ ದೊಡ್ಡ ಕೆಲಸ ಮಾಪಕ ಬರೆದದ್ದಷ್ಟೇ ಅಲ್ಲ. ತುಳಿಯುತ್ತಿರುವವನನ್ನು ಕೇಳಿದರು, ಅವನು ಹೇಳಿದ್ದನ್ನು ನಂಬಿ ಬರೆದುಕೊಂಡರು.

ಆದುದರಿಂದ ನನ್ನ ವಿದ್ಯಾರ್ಥಿಗಳಲ್ಲಿ, ಬಂಧುಗಳಲ್ಲಿ ಒಂದು ವಿನಂತಿ. ಇಂದು ರಾತ್ರಿ ಮನೆಗೆ ಫೋನ್ ಮಾಡಿದಾಗ ಕ್ಯಾಲೊರಿಯ ಪ್ರಶ್ನೆಯನ್ನು ಸ್ವಲ್ಪ ಹಿಂದಿಟ್ಟು, "ಅಮ್ಮಾ, ಇವತ್ತು ಎಷ್ಟು ಕಷ್ಟವಾಯಿತು? ಆರರಿಂದ ಇಪ್ಪತ್ತರೊಳಗೆ ಹೇಳು" ಎಂದು ಕೇಳಿ. ಮೊದಲ ಕೆಲವು ದಿನ "ಆರಾಮ" ಎಂಬ ಉತ್ತರವೇ ಬರುತ್ತದೆ. ಬಿಡದೆ ಕೇಳಿ. 15 ಎಂದರೆ ಗಾಬರಿಪಡಬೇಡಿ, ಗದರಬೇಡಿ, "ಅಷ್ಟಕ್ಕೇ ಸುಸ್ತಾದೆಯಾ?" ಎಂದು ನಗಬೇಡಿ; ಒಮ್ಮೆ ನಕ್ಕರೆ ಮರುದಿನದಿಂದ ನಿಮಗೆ ಸುಳ್ಳು ಅಂಕವೇ ಸಿಗುತ್ತದೆ. ಹೇಳಿದ್ದನ್ನು ತಾರೀಖಿನ ಜೊತೆ ಬರೆದಿಟ್ಟುಕೊಳ್ಳಿ. ಕನ್ನಡದ ಹಾಳೆ ಬೇಕಾದವರು ತಿಳಿಸಿದರೆ ನಾನು ಬರೆದದ್ದನ್ನು ಕಳುಹಿಸಿಕೊಡುತ್ತೇನೆ. ನಿಮ್ಮ ಊರಿನ ಮಾತಿಗೆ ತಕ್ಕಂತೆ ಅದನ್ನು ತಿದ್ದಿಕೊಳ್ಳಿ. ತಿದ್ದುವ ಹಕ್ಕು ಇಷ್ಟು ವರ್ಷ ನನ್ನೊಬ್ಬನದಾಗಿತ್ತು. ಇನ್ನು ಮುಂದೆ ನಿಮ್ಮದೂ ಆಗಲಿ.

ಎಲ್ಲರಿಗೂ ಶುಭವಾಗಲಿ.